ಅಪ್‌ಡೇಟ್: ಪಿ0133 ಕೋಡ್, ಕೊನೆಗೂ ಸೆನ್ಸರೇ ಹೋಗಿತ್ತು (ಬಳ್ಳಾರಿ)

ಹೋದ ವಾರ ಕೇಳಿದ್ದೆ: 2011ರ ಪೆಟ್ರೋಲ್ ಕಾರು, ಚೆಕ್ ಎಂಜಿನ್ ಲೈಟ್, ಪಿ0133 ಕೋಡ್ (ಮುಂದಿನ ಆಕ್ಸಿಜನ್ ಸೆನ್ಸರ್ ನಿಧಾನವಾಗಿದೆ ಎಂದರ್ಥ), ಮೈಲೇಜ್ ಇಳಿದಿದೆ, ಎಂಜಿನ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆ ಸೆನ್ಸರ್ ಬದಲಿಸಲೇ ಅಂತ. ಮೊದಲು ಟೆಸ್ಟ್ ಮಾಡಿ ಎಂದವರಿಗೆಲ್ಲ ಧನ್ಯವಾದ ರೀ.

ಸೆನ್ಸರ್ ಕನೆಕ್ಟರ್ ತುಂಬ ನಮ್ಮೂರಿನ ಕೆಂಪು ಧೂಳು. ಕ್ಲೀನ್ ಮಾಡಿದರೂ ಕೋಡ್ ಮರಳಿ ಬಂತು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಲೀಕ್ ಇಲ್ಲ; ಇದ್ದಿದ್ದರೆ ಹೊರಗಿನ ಗಾಳಿ ಸೇರಿ ಸೆನ್ಸರ್ ಸುಳ್ಳು ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ತೋರಿಸುತ್ತಿತ್ತು. ಸೆನ್ಸರ್ ಒಳಗಿನ ಹೀಟರ್ 6 ಓಮ್, ಸರಿಯಿದೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಸಿಗ್ನಲ್ ವೈರ್ ನೋಡಿದೆ. ವೈರ್ ಕತ್ತರಿಸದೆ, ಕನೆಕ್ಟರ್ ಹಿಂದಿನಿಂದ ಪಿನ್ ತೂರಿಸಿ. 0.1ರಿಂದ 0.9 ವೋಲ್ಟ್ ನಡುವೆ ಚಕಚಕನೆ ಓಡಾಡಬೇಕಾದದ್ದು 0.3–0.6ರಲ್ಲೇ ತೆವಳುತ್ತಿತ್ತು. ಇಂಧನ ಹೆಚ್ಚಾದರೆ ವೋಲ್ಟೇಜ್ ತಟ್ಟನೆ ಏರಬೇಕು; ಅದಕ್ಕೆಂದು ಇನ್‌ಟೇಕ್‌ಗೆ ಚೂರು ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೂ ನಿಧಾನಕ್ಕೆ ಏರಿತು. ಸೆನ್ಸರೇ ಹೋಗಿದೆ ಎಂಬ ತೀರ್ಪು ಅಲ್ಲೇ ಆಯಿತು.

ಬಿಚ್ಚಿದಾಗ ತುದಿಯ ಮೇಲೆ ಬಿಳಿ ಪುಡಿ. ಅದು ಸಿಲಿಕೋನ್, ವಾಲ್ವ್ ಕವರ್‌ಗೆ ಹಿಂದೆ ಹಚ್ಚಿದ ಸಾದಾ ಸೀಲಂಟ್‌ನ ಆವಿ. ಹೊಸ ಸೆನ್ಸರ್‌ಗೂ ಇದೇ ಗತಿ ಬರಬಾರದೆಂದು ಸೆನ್ಸರ್‌ಗೆ ಹಾನಿ ಮಾಡದ ಸೀಲಂಟ್ ಹಾಕಿದ್ದೇನೆ. ಬಿಚ್ಚಲು 22 ಎಂಎಂ ಸ್ಪ್ಯಾನರ್. ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಥ್ರೆಡ್‌ಗೆ ಮಾತ್ರ, ತುದಿಗೆ ತಾಗಿಸಲೇಬೇಡಿ. ಕೋಡ್ ಅಳಿಸಿದ ಮೇಲೆ ಲೈಟ್ ಮತ್ತೆ ಹತ್ತಿಲ್ಲ.