ಕರ್ನಾಟಕ ರಣಜಿ ತಂಡದ ಅತ್ಯುತ್ತಮ ನಾಯಕ ಯಾರು: ಪ್ರಸನ್ನ, ಜೋಶಿ ಅಥವಾ ವಿನಯ್ ಕುಮಾರ್?

ಪ್ರಶ್ನೆ: ಕೋಟೆಕೆರೆ, ಬೆಳಗಾವಿ

ಕರ್ನಾಟಕಕ್ಕೆ ರಣಜಿ ಟ್ರೋಫಿಯನ್ನು ಗೆದ್ದುಕೊಟ್ಟ ನಾಯಕರಲ್ಲಿ ಎಲ್ಲರಿಗಿಂತ ಮೇಲಿನ ಸ್ಥಾನ ಯಾರಿಗೆ ಸಲ್ಲಬೇಕು? ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಆಡಲು ಬರುವ ನಮ್ಮ ಗೆಳೆಯರಲ್ಲಿ ಈ ವಿಷಯದಲ್ಲಿ ಒಮ್ಮತವೇ ಮೂಡುತ್ತಿಲ್ಲವಾದ್ದರಿಂದ, ಬಾಗಲಕೋಟೆ ಮತ್ತು ವಿಜಯಪುರದ ಕ್ರಿಕೆಟ್ ಪ್ರೇಮಿಗಳ ಅಭಿಪ್ರಾಯವನ್ನೂ ಕೇಳುವ ಮನಸ್ಸಾಗಿದೆ. ಒಂದು ನಿಬಂಧನೆಯನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಭಾರತ ತಂಡದಲ್ಲಿ ಮಾಡಿದ ಸಾಧನೆಯನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಹಾಗೆ ತೆಗೆದುಕೊಂಡರೆ 619 ಟೆಸ್ಟ್ ವಿಕೆಟ್‌ಗಳ ಅನಿಲ್ ಕುಂಬ್ಳೆ ಅವರ ಮುಂದೆ ಬೇರೆ ಯಾವ ಹೆಸರೂ ನಿಲ್ಲುವುದಿಲ್ಲ, ಚರ್ಚೆಯೂ ಅಲ್ಲಿಗೇ ಮುಗಿದುಹೋಗುತ್ತದೆ. ರಾಜ್ಯ ತಂಡವನ್ನು ಮೈದಾನದಲ್ಲಿ ನಿಂತು ನಡೆಸಿದ ರೀತಿಯೊಂದೇ ಅಳತೆಗೋಲಾಗಲಿ.

ನನ್ನ ಆಯ್ಕೆ ಆರ್. ವಿನಯ್ ಕುಮಾರ್. 2013-14 ಮತ್ತು 2014-15ರಲ್ಲಿ ಅವರ ತಂಡ ರಣಜಿ ಟ್ರೋಫಿ, ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿ ಮೂರನ್ನೂ ಸತತ ಎರಡು ವರ್ಷ ಗೆದ್ದಿತು. ಅವರು ಬೌಲರ್‌ಗಳನ್ನು ಬಳಸುವ ನಾಯಕ ಮಾತ್ರವಾಗಿರಲಿಲ್ಲ, ಮೊದಲ ಓವರನ್ನು ತಾವೇ ಎಸೆಯುವ ನಾಯಕರಾಗಿದ್ದರು. 2014-15ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಕೇವಲ 202 ರನ್ನಿಗೆ ಆಲೌಟ್ ಆದಾಗ, ಎದುರಾಳಿ ಮುಂಬೈ ಎಂಬ ಕಾರಣಕ್ಕೇ ಬಹಳಷ್ಟು ಜನ ಆಸೆ ಬಿಟ್ಟಿದ್ದರು. ವಿನಯ್ 20 ರನ್ ನೀಡಿ ಆರು ವಿಕೆಟ್ ಪಡೆದರು, ಮುಂಬೈ 44 ರನ್ನಿಗೆ ಕುಸಿಯಿತು. ಎರಡನೇ ಇನಿಂಗ್ಸ್‌ನಲ್ಲಿ ಮುಂಬೈ ದಿಟ್ಟ ಹೋರಾಟ ನಡೆಸಿ 332 ರನ್ ಗಳಿಸಿದರೂ ಕರ್ನಾಟಕ 112 ರನ್ನುಗಳಿಂದ ಗೆದ್ದಿತು.

ನಂತರ ವಾಂಖೆಡೆಯಲ್ಲಿ ನಡೆದ ಫೈನಲ್‌ನಲ್ಲಿ ತಮಿಳುನಾಡನ್ನು 134ಕ್ಕೆ ಕಟ್ಟಿಹಾಕಿದಾಗಲೂ ಐದು ವಿಕೆಟ್ ಅವರವೇ. ಕರ್ನಾಟಕ 84ಕ್ಕೆ ಐದು ವಿಕೆಟ್ ಕಳೆದುಕೊಂಡಿದ್ದ ಸ್ಥಿತಿಯಿಂದ ಕರುಣ್ ನಾಯರ್ (328) ಮತ್ತು ಕೆ.ಎಲ್. ರಾಹುಲ್ (188) ಇನಿಂಗ್ಸನ್ನು ಎತ್ತಿ ನಿಲ್ಲಿಸಿದ ಮೇಲೆ, ನಾಯಕರೇ ಕೆಳಗಿನ ಕ್ರಮಾಂಕದಲ್ಲಿ ಬಂದು ಅಜೇಯ 105 ರನ್ ಸೇರಿಸಿದರು. ಇನಿಂಗ್ಸ್ ಮತ್ತು 217 ರನ್ನುಗಳ ಆ ಗೆಲುವಿಗೆ ಸಮನಾದದ್ದನ್ನು ಯಾರಾದರೂ ತೋರಿಸಿಕೊಡಬೇಕು.

ಉತ್ತರ 1: ಘಟಪ್ರಭಾ ದಂಡೆ, ಬಾಗಲಕೋಟೆ

ಬೆಳಗಾವಿಯ ಗೆಳೆಯರು ತಮ್ಮ ಮಾತನ್ನು ಚೆನ್ನಾಗಿಯೇ ಮಂಡಿಸಿದ್ದಾರೆ. ಆದರೆ 2013ರ ಹೊತ್ತಿಗೆ ಕರ್ನಾಟಕ ಆರು ಬಾರಿ ಟ್ರೋಫಿ ಗೆದ್ದ ತಂಡವಾಗಿತ್ತು, ಗೆಲ್ಲಬಹುದು ಎಂಬ ನಂಬಿಕೆ ಆಟಗಾರರಿಗೆ ಹಿರಿಯರಿಂದ ಬಂದ ಆಸ್ತಿಯಾಗಿತ್ತು. ಆ ಆಸ್ತಿಯನ್ನು ಮೊದಲು ಸಂಪಾದಿಸಿದವರು ಇ.ಎ.ಎಸ್. ಪ್ರಸನ್ನ ಎಂಬುದನ್ನು ಮರೆಯಬಾರದು.

ಈಗಿನವರಿಗೆ ಆ ಕಾಲದ ಮುಂಬೈ ತಂಡ ಎಂದರೆ ಏನಾಗಿತ್ತು ಎಂಬುದನ್ನು ಊಹಿಸುವುದೂ ಕಷ್ಟ. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಆ ಊರನ್ನು ಬಿಟ್ಟು ಹೊರಗೆ ಹೋಗಲಿಲ್ಲ. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ನಮ್ಮ ತಂಡ 1941-42ರಲ್ಲಿ ಮತ್ತು 1959-60ರಲ್ಲಿ ಫೈನಲ್ ತಲುಪಿದಾಗ ಎರಡೂ ಸಲ ಸೋಲಿಸಿದ್ದು ಮುಂಬೈಯೇ. ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದ 1973ರ ಅದೇ ಋತುವಿನಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ತಂಡ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದ ಮೇಲೆ ಮುಂಬೈಯನ್ನು ಹೊರಗಟ್ಟಿತು. ಜಿ.ಆರ್. ವಿಶ್ವನಾಥ್ 162 ರನ್ ಹೊಡೆದರು, ಬ್ರಿಜೇಶ್ ಪಟೇಲ್ ಕೂಡ ಶತಕ ಬಾರಿಸಿದರು, ಸುನಿಲ್ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದು ಸ್ವತಃ ನಾಯಕರೇ. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಎತ್ತಿತು. 1977-78ರಲ್ಲಿ ಎರಡನೆಯ ಸಲ ಗೆದ್ದಾಗಲೂ ನಾಯಕತ್ವ ಅವರದೇ ಆಗಿತ್ತು.

ಇನ್ನೊಂದು ವಿಷಯವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಬಿ.ಎಸ್. ಚಂದ್ರಶೇಖರ್ ಅವರಂಥ ಬೌಲರ್ ಇರುವುದು ನಾಯಕನಿಗೆ ವರವೂ ಹೌದು, ಪರೀಕ್ಷೆಯೂ ಹೌದು. ಪೋಲಿಯೊದಿಂದ ಸೊರಗಿದ ಆ ಬಲಗೈಯಿಂದ ವೇಗವಾಗಿ ಬರುತ್ತಿದ್ದ ಲೆಗ್‌ಬ್ರೇಕ್ ಮತ್ತು ಗೂಗ್ಲಿ ಒಮ್ಮೊಮ್ಮೆ ರನ್ ಬಿಟ್ಟುಕೊಡುತ್ತಿದ್ದವು, ಮರುಗಳಿಗೆಯಲ್ಲೇ ಪಂದ್ಯವನ್ನು ತಿರುಗಿಸುತ್ತಿದ್ದವು. ಎರಡು ಬೌಂಡರಿ ಹೋದ ಕೂಡಲೇ ಚೆಂಡು ಕಸಿದುಕೊಳ್ಳುವ ನಾಯಕನ ಕೈಯಲ್ಲಿ ಅಂಥ ಬೌಲರ್ ಬೆಳಗುವುದಿಲ್ಲ. ಬ್ಯಾಟ್ಸ್‌ಮನ್‌ನನ್ನು ಮುಂದಕ್ಕೆ ಕರೆದು ಮೋಸಗೊಳಿಸುವ ಆಫ್‌ಸ್ಪಿನ್ ಕಲೆಯಲ್ಲಿ ಪಳಗಿದ್ದ ಪ್ರಸನ್ನ ಅವರಿಗೆ, ವಿಕೆಟ್ ಬೇಕಾದರೆ ರನ್ನಿನ ಆಸೆ ತೋರಿಸಲೇಬೇಕು ಎಂಬುದು ಚೆನ್ನಾಗಿ ತಿಳಿದಿತ್ತು. ಮುನ್ನಡೆಗಾಗಿ ಹೋರಾಡುವ ನಾಯಕರು ಆಮೇಲೆ ಹಲವರು ಬಂದರು, ಮುಂಬೈ ಎದುರು ಮುನ್ನಡೆ ಸಾಧ್ಯ ಎಂದು ತಂಡಕ್ಕೆ ನಂಬಿಸಿದವರು ಅವರು.

ಉತ್ತರ 2: ಗೋಳಗುಮ್ಮಟ, ವಿಜಯಪುರ

ಇಬ್ಬರೂ ಸುನಿಲ್ ಜೋಶಿ ಅವರ ಹೆಸರನ್ನು ಎತ್ತದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ. ಗದಗಿನಲ್ಲಿ ಹುಟ್ಟಿ, ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಹೋಗಿಬಂದು ಕ್ರಿಕೆಟ್ ಕಲಿತವರು ಎಂಬ ಅಭಿಮಾನದಿಂದ ಮಾತ್ರ ನಾನು ಈ ಮಾತನ್ನು ಹೇಳುತ್ತಿಲ್ಲ, ಆ ಅಭಿಮಾನವನ್ನು ಮುಚ್ಚಿಡುವ ಅಗತ್ಯವೂ ನನಗೆ ಕಾಣುವುದಿಲ್ಲ.

1998-99ರ ಫೈನಲ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಮಧ್ಯಪ್ರದೇಶ ಮೊದಲ ಇನಿಂಗ್ಸ್‌ನಲ್ಲಿ 379 ರನ್ ಗಳಿಸಿತು, ಕರ್ನಾಟಕ 304ಕ್ಕೆ ನಿಂತಿತು. ರಣಜಿ ಫೈನಲ್ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದ ತಂಡಕ್ಕೇ ಟ್ರೋಫಿ ಸಿಗುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಅಂದರೆ 75 ರನ್ನುಗಳ ಆ ಮುನ್ನಡೆಯ ನಂತರ ಮಧ್ಯಪ್ರದೇಶ ಗೆಲ್ಲಬೇಕಾಗಿಯೇ ಇರಲಿಲ್ಲ, ಕೊನೆಯ ದಿನ ವಿಕೆಟ್ ಉಳಿಸಿಕೊಂಡು ನಿಂತಿದ್ದರೆ ಸಾಕಾಗಿತ್ತು. ಕರ್ನಾಟಕ ಎರಡನೇ ಇನಿಂಗ್ಸ್‌ನಲ್ಲಿ 321 ರನ್ ಸೇರಿಸಿ 247ರ ಗುರಿ ನೀಡಿದ ಮೇಲೂ, ಹತ್ತು ವಿಕೆಟ್‌ಗಳನ್ನು ಉರುಳಿಸದೆ ಬೇರೆ ದಾರಿಯೇ ಇರಲಿಲ್ಲ.

ಆ ಹೊತ್ತಿನಲ್ಲಿ ನಾಯಕನೇ ಎಡಗೈ ಸ್ಪಿನ್ನರ್ ಆಗಿದ್ದರೆ, ಚೆಂಡನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುವ ಆಸೆ ಯಾರಿಗಾದರೂ ಬರುವಂಥದ್ದು. 1995-96ರ ಒಂದೇ ರಣಜಿ ಋತುವಿನಲ್ಲಿ 529 ರನ್ ಮತ್ತು 52 ವಿಕೆಟ್ ಗಳಿಸಿದ್ದ ಜೋಶಿ ಅವರಿಗೆ ಆ ಹಕ್ಕೂ ಇತ್ತು. ಆದರೆ ಅಂದು ಮಧ್ಯಪ್ರದೇಶವನ್ನು ಮುರಿದದ್ದು ವಿಜಯ್ ಭಾರದ್ವಾಜ್, ಆ ವರ್ಷ ಬ್ಯಾಟಿಂಗ್‌ನಿಂದಲೇ ಹೆಸರಾಗಿದ್ದ ಆಟಗಾರ. ಅವರ ಆಫ್‌ಸ್ಪಿನ್‌ಗೆ ಆರು ವಿಕೆಟ್ ಬಿದ್ದವು, ಎದುರಾಳಿ 150ಕ್ಕೆ ಮುಗಿದು ಕರ್ನಾಟಕ 96 ರನ್ನುಗಳಿಂದ ಗೆದ್ದಿತು. ಅಂದು ಸೋತ ನಾಯಕ ಚಂದ್ರಕಾಂತ್ ಪಂಡಿತ್ 2022ರಲ್ಲಿ ಅದೇ ಮೈದಾನದಲ್ಲಿ ತರಬೇತುದಾರರಾಗಿ ಮಧ್ಯಪ್ರದೇಶಕ್ಕೆ ಮೊದಲ ಟ್ರೋಫಿ ಗೆದ್ದುಕೊಟ್ಟಾಗ ಕಣ್ಣೀರು ಹಾಕಿದ್ದನ್ನು ನೋಡಿದವರಿಗೆ, 1999ರ ಆ ದಿನ ಎಂಥದ್ದಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂಬೈಯನ್ನು 44ಕ್ಕೆ ಕೆಡವಿದ ಮೇಲೆ ನಾಯಕತ್ವ ಮಾಡುವುದು ಸುಲಭ. ಟ್ರೋಫಿಯ ಅರ್ಧ ಭಾಗ ಎದುರಾಳಿಯ ಕೈ ಸೇರಿದ ಮೇಲೆ ಅದನ್ನು ಕಿತ್ತುಕೊಂಡು ಬಂದವರೇ ನನ್ನ ಆಯ್ಕೆ.

ಉತ್ತರ 3: ಗೋಕಾಕ ಫಾಲ್ಸ್

ವಿಜಯಪುರದವರ ಅಳತೆಗೋಲು ನನಗೆ ಒಪ್ಪಿಗೆಯಾಯಿತು. ಅದೇ ಅಳತೆಯಿಂದ 2009-10ರ ಮೈಸೂರಿನ ಫೈನಲ್‌ ಅನ್ನೂ ನೋಡಬೇಕು. ಅಲ್ಲಿಯೂ ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 103 ರನ್ ಹಿಂದೆ ಬಿದ್ದಿತ್ತು. 338ರ ಗುರಿಯನ್ನು ಬೆನ್ನಟ್ಟಿ, ಮನೀಶ್ ಪಾಂಡೆ ಅವರ 144 ರನ್ನುಗಳ ಬಲದಿಂದ 331ರವರೆಗೆ ಬಂದು, ಆರು ರನ್ನುಗಳಿಂದ ಸೋತಿತು. ರಾಬಿನ್ ಉತ್ತಪ್ಪ ಅವರ ಆ ತಂಡ ಕೊನೆಯವರೆಗೂ ಗೆಲುವಿಗಾಗಿಯೇ ಆಡಿತು. ಆರು ರನ್ನುಗಳ ಅಂತರದಿಂದ ಒಬ್ಬ ನಾಯಕನ ಹೆಸರು ಇಂಥ ಚರ್ಚೆಗಳಿಂದ ಸಂಪೂರ್ಣ ಬಿಟ್ಟುಹೋಗುವುದು ನ್ಯಾಯವೆನಿಸುವುದಿಲ್ಲ.

ಮರು ಉತ್ತರ: ಕೋಟೆಕೆರೆ, ಬೆಳಗಾವಿ

ಎಲ್ಲರಿಗೂ ಕೃತಜ್ಞತೆಗಳು. ಬಾಗಲಕೋಟೆಯ ಹಿರಿಯರ ಮಾತಿನಲ್ಲಿರುವ ತೂಕವನ್ನು ನಾನು ಗೌರವಿಸುತ್ತೇನೆ. ಆದರೆ ಮೊದಲು ಗೆದ್ದವರು ಎಂಬ ಕಾರಣಕ್ಕೆ ಸಿಗುವ ಗೌರವ ಬೇರೆ, ನಾಯಕತ್ವದ ಗುಣಕ್ಕೆ ಸಿಗುವ ಗೌರವ ಬೇರೆ ಎಂದು ನನಗೆ ಈಗಲೂ ಅನಿಸುತ್ತದೆ. ಪ್ರಸನ್ನ ಅವರ ತಂಡದಲ್ಲಿ ವಿಶ್ವನಾಥ್, ಚಂದ್ರಶೇಖರ್, ಸೈಯದ್ ಕಿರ್ಮಾನಿ ಇದ್ದರು. ವಿನಯ್ ಅವರ ಕೈಗೆ ಬಂದಾಗ ರಾಹುಲ್ ಮತ್ತು ಕರುಣ್ ಇನ್ನೂ ಹೆಸರು ಮಾಡಬೇಕಾಗಿದ್ದ ಹುಡುಗರು.

ಮುಂಬೈಯನ್ನು ಕೆಡವಿದ ಮೇಲೆ ನಾಯಕತ್ವ ಸುಲಭ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಕೆಡವಿದವರೂ ಆ ನಾಯಕರೇ. 2013-14ರ ಹೈದರಾಬಾದ್ ಫೈನಲ್‌ನಲ್ಲಿ ಮಹಾರಾಷ್ಟ್ರದ ಎದುರು 210 ರನ್ ಮುನ್ನಡೆ ಸಿಕ್ಕ ಮೇಲೆ ಟ್ರೋಫಿ ಬಹುತೇಕ ಕೈಗೆ ಬಂದಿತ್ತು, ಸಮಯ ಕಳೆದಿದ್ದರೂ ಸಾಕಿತ್ತು. ಆದರೂ ತಂಡ ಪೂರ್ಣ ಗೆಲುವಿಗೇ ಹೋಯಿತು, ಏಳು ವಿಕೆಟ್‌ಗಳಿಂದ ಗೆದ್ದಿತು.

ಸೋಲನ್ನೂ ಲೆಕ್ಕ ಹಾಕೋಣ. 2017-18ರ ಸೆಮಿಫೈನಲ್‌ನಲ್ಲಿ ವಿದರ್ಭದ ಎದುರು 198ರ ಗುರಿ ಬೆನ್ನಟ್ಟಿ ಕರ್ನಾಟಕ ಐದು ರನ್ನುಗಳಿಂದ ಸೋತಾಗಲೂ, ರಜನೀಶ್ ಗುರ್ಬಾನಿ ಒಬ್ಬೊಬ್ಬರನ್ನೇ ಕೀಳುತ್ತಿದ್ದಾಗ ಕೆಳಗಿನ ಕ್ರಮಾಂಕದಲ್ಲಿ ನಿಂತು 36 ರನ್ ಸೇರಿಸಿ ಪಂದ್ಯವನ್ನು ಜೀವಂತವಾಗಿಟ್ಟವರು ನಾಯಕ ವಿನಯ್. ಅದಕ್ಕೂ ಮುಂಚಿನ ನಾಗಪುರದ ಕ್ವಾರ್ಟರ್‌ಫೈನಲ್‌ನಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಪಡೆದವರೂ ಅವರೇ.

ಜೋಶಿ ಅವರನ್ನು ನಾನು ಎರಡನೆಯ ಸ್ಥಾನದಲ್ಲಿ ಇಡುತ್ತೇನೆ. ವಿಜಯಪುರದವರಲ್ಲಿ ಒಂದು ವಿನಂತಿ: 1998-99ರ ಆ ಕೊನೆಯ ದಿನವನ್ನು ಮೈದಾನದಲ್ಲೇ ಕುಳಿತು ನೋಡಿದವರು ನಿಮ್ಮ ಬಳಗದಲ್ಲಿದ್ದರೆ, ಭಾರದ್ವಾಜ್ ಅವರಿಗೆ ಚೆಂಡು ಸಿಕ್ಕಾಗ ಮಧ್ಯಪ್ರದೇಶದ ಎಷ್ಟು ವಿಕೆಟ್ ಬಿದ್ದಿದ್ದವು, ಬ್ಯಾಟ್ಸ್‌ಮನ್ ಸುತ್ತ ಎಷ್ಟು ಫೀಲ್ಡರ್‌ಗಳನ್ನು ಜೋಶಿ ನಿಲ್ಲಿಸಿದ್ದರು ಎಂಬುದನ್ನು ಅವರಿಂದ ಬರೆಸಿ ಇಲ್ಲಿ ಹಾಕಬೇಕು.