ಹೊನ್ನಿಕೇರಿ ಕಡಿ ನಮ್ಮ ಹೊಲಕ್ಕ ಚಿಗರಿ (ಕೃಷ್ಣಮೃಗ) ಬರ್ತಾವ, ಬಾಜು ಹೊಲ ಪ್ಲಾಟ್ ಆಗ್ಲಕತ್ತದ, ಏನ್ ಮಾಡ್ಬೇಕ್ರಿ?

ಕೆಂಪುಮಣ್ಣು ಬೀದರ:
ಎಲ್ಲರಿಗೂ ನಮಸ್ಕಾರ್ರಿ. ಬೀದರ್ ಊರ ಹೊರಗ ಹೊನ್ನಿಕೇರಿ ಅಡವಿ ಕಡಿ ನಮ್ದು ನಾಕು ಎಕರೆ ಹೊಲ ಅದ. ಎರಡು ಎಕರೆ ಬೆಳಿ ಬರ್ತದ, ಉಳದ ಎರಡ್ರಾಗ ಒಂದು ಗೇಣು ತೋಡಿದ್ರ ಸಾಕು ಕೆಂಪು ಕಲ್ಲೇ ಹತ್ತತದ, ಅದಕ್ಕ ನಮ್ಮಪ್ಪ ಅದನ್ನ ಹುಲ್ಲಿಗೇ ಬಿಟ್ಟಿದ್ರು. ಅಪ್ಪ ಹೋಗಿ ಎರಡು ವರ್ಷ ಆತು. ಈಗ ಐತಾರಕ್ಕೊಮ್ಮೆ ನಾನೇ ಹೋಗಿ ಬರ್ತೀನಿ, ಕೆಲಸಕ್ಕಂತ ಹೋಗ್ತೀನಿ ಖರೇ, ಆದ್ರ ಚಿಗರಿ ನೋಡೋ ಆಸೆನೂ ಅಷ್ಟೇ ಅದ.

ಹೋದ ಐತಾರ ನಸಿಕಿನಾಗ ಬೇವಿನ ಗಿಡದ ಬುಡಕ ಕುಂತಿದ್ದೆ. ಹನ್ನೊಂದು ಬಂದ್ವು, ಎಣಿಸೀನಿ. ಮುಂದ ಒಂದೇ ಗಂಡು, ಬೆನ್ನು ಕರ್ರಗ, ಹೊಟ್ಟಿ ಬೆಳ್ಳಗ, ಕೋಡು ಹಗ್ಗ ಹೊಸದಂಗ ಸುತ್ತು ಸುತ್ತು. ಬಾಜು ಹೊಲ ಮಾರಿ ಪ್ಲಾಟ್ ಹಾಕ್ಲಕತ್ತಾರ, ಬಿಳಿ ಸುಣ್ಣ ಬಳದ ಕಲ್ಲು ಸಾಲಾಗಿ ನೆಟ್ಟಾರ. ಆ ಗಂಡು ಚಿಗರಿ ಮೊದಲ್ನೇ ಕಲ್ಲಿನ ಹತ್ರ ಬಂದು ನಿಂತು ಮೂಸಿ ನೋಡ್ತು, ಹೆಣ್ಣು ಚಿಗರಿ ಎಲ್ಲಾ ಹಿಂದ ಹಂಗೇ ತಡದು ನಿಂತ್ವು, ಒಂದು ಕಾಲು ಎತ್ತಿದ್ದು ಎತ್ತಿದಂಗೇ. ಆಮೇಲ ಹಳ್ಳದ ಕಡಿಯಿಂದ ಸುತ್ತಿ ನಮ್ಮ ಒಡ್ಡು ಜಿಗದು ಒಳಗ ಬಂದ್ವು. ಅವು ದಿನಾ ಬರೋ ದಾರಿ ಅದಲ್ಲ. ನೋಡಿ ಕಣ್ಣಾಗ ನೀರು ಬಂತ್ರಿ.

ತಮ್ಮ ಅಂತಾನ, ಸುತ್ತ ಮುಳ್ಳ ತಂತಿ ಹಾಕಿಬಿಡು, ಇಲ್ಲಂದ್ರ ಜಾಗ ಒತ್ತುವರಿ ಆಗ್ತದ ಅಂತ. ಏಜೆಂಟ್ ವಾರಕ್ಕ ಎರಡು ಸಲ ಫೋನ್ ಮಾಡ್ತಾನ. ನಾನು ಹೊಲ ಮಾರಂಗಿಲ್ಲ. ಕೇಳೋದು ಇಷ್ಟು, ಬೇಲಿ ಹಾಕಬೇಕೋ ಬ್ಯಾಡೋ? ಹುಲ್ಲಿನ ಜಾಗದಾಗ ಗಿಡ ಹಚ್ಚಿದ್ರ ಅವಕ್ಕ ಆಸರ ಆಗ್ತದೇನು? ಮೂಲಿಗೆ ಒಂದು ಹಾಳ ಬಾಂವಿನೂ ಅದ, ಕಟ್ಟಿ ಇಲ್ಲ.

ಹುಮನಾಬಾದ್ ಒಕ್ಕಲಿಗ:
ಅಕ್ಕಾರ, ನಿಮ್ಮ ಸಂಕಟ ಅರ್ಥ ಆಗ್ತದ್ರಿ, ಆದ್ರ ಇನ್ನೊಂದು ಕಡಿ ಮಾತೂ ಹೇಳ್ತೀನಿ. ನಾವು ಹೊಲದ ಮ್ಯಾಲೇ ಬದುಕೋರು. ತೊಗರಿ ಕುಡಿ ಚಿಗರಿ ತಿಂದ್ರ ನಾನು ಚಿಂತಿ ಮಾಡಂಗಿಲ್ಲ, ಯಾಕಂದ್ರ ಒಂದೂವರಿ ತಿಂಗಳಿಗೆ ನಾವೇ ಕುಡಿ ಚಿವುಟ್ತೀವಿ, ಟೊಂಗಿ ಒಡದು ಕಾಯಿ ಜಾಸ್ತಿ ಹಿಡಿಲಿ ಅಂತ. ಆದ್ರ ಸೋಯಾ ಹಂಗಲ್ಲ, ಎರಡು ಬ್ಯಾಳಿ ಎಲಿ ಮ್ಯಾಲ ಬಂದಾಗ ಕಚ್ಚಿದ್ರ ಆ ಸಸಿ ಹೋತು, ಮತ್ತ ಬಿತ್ತಬೇಕು, ಬೀಜ ಗೊಬ್ಬರ ಎಲ್ಲಾ ಮತ್ತ. ಹೆಸರಿಂದೂ ಇದೇ ಕತಿ. ರಾತ್ರಿ ಹೊಲದಾಗ ಮಲಗಿ ಡಬ್ಬಿ ಬಡದು ಓಡಿಸ್ತೀವಿ, ಹೊಡ್ಯೋದಿಲ್ಲ, ನಮ್ಮ ಹಿರೇರೂ ಹೊಡದಿಲ್ಲ. ಫಾರೆಸ್ಟ್‌ನವರದು ಇ-ಪರಿಹಾರ ಅಂತ ಬೆಳಿ ಲುಕ್ಸಾನಿಗೆ ರೊಕ್ಕ ಕೊಡೋ ಆನ್‌ಲೈನ್ ವ್ಯವಸ್ಥಾ ಅದ, ಅದ್ರಾಗ ಪಹಣಿ, ಪಾಸ್‌ಬುಕ್, ಹೊಲದ ಫೋಟೋ ಕೊಟ್ಟು ಅರ್ಜಿ ಹಾಕ್ರಿ, ಲುಕ್ಸಾನ್ ಆದ ತಕ್ಷಣ ಫೋಟೋ ತಗೀರಿ, ತಡಾ ಮಾಡಿದ್ರ ಸಸಿ ಚಿಗತು ಏನೂ ಕಾಣಂಗಿಲ್ಲ.

ಒಂದು ಮಾತು. ಪ್ಲಾಟ್ ಆದಷ್ಟು ಚಿಗರಿ ಕಡಿಮಿ ಆಗಂಗಿಲ್ಲ, ಉಳದ ನಮ್ಮ ನಾಕು ಮಂದಿ ಹೊಲಕ್ಕೇ ಎಲ್ಲಾ ಬರ್ತಾವ. ನಿಮ್ಮ ಎರಡು ಎಕರೆ ಹುಲ್ಲು ಹಂಗೇ ಇಟ್ರ ಬಾಜು ರೈತಗೂ ಒಳ್ಳೇದು.

ಅಡವಿ ತಿರುಗ:
ಗಿಡ ಹಚ್ಚಬ್ಯಾಡ್ರಿ. ದಯಮಾಡಿ. ಎಲ್ಲರೂ ಮಾಡೋ ತಪ್ಪು ಇದು. ಚಿಗರಿ ಬಯಲಿನ ಪ್ರಾಣಿ, ದೂರದ ತನಕ ಕಣ್ಣು ಹಾಯಬೇಕು, ನಾಯಿ ತೋಳ ಬಂದ್ರ ಓಡ್ಲಿಕ್ಕೆ ಜಾಗ ಬೇಕು, ಜೀವ ಉಳಿಸೋದು ಆ ಓಟಾನೇ. ನೀವು ನೀಲಗಿರಿ ಅಕೇಶಿಯಾ ಹಚ್ಚಿದ್ರ ಹುಲ್ಲೂ ಹೋಗ್ತದ, ಚಿಗರಿನೂ ಹೋಗ್ತಾವ. ಅಲ್ಲೊಂದು ಇಲ್ಲೊಂದು ಬಾರಿ ಗಿಡ, ಜಾಲಿ ಇದ್ರ ಇರ್ಲಿ.

ಬಾಂವಿಗೆ ಮೊದಲು ಕಟ್ಟಿ ಕಟ್ಟಸ್ರಿ, ಇಲ್ಲಾ ಮ್ಯಾಲ ಕಬ್ಬಿಣ ಜಾಳಗಿ ಕೂಡ್ರಸ್ರಿ, ಇವತ್ತೇ. ನಾಯಿ ಬೆನ್ನು ಹತ್ತಿದಾಗ ಮುಂದ ಬಾಂವಿ ಅದ ಅಂತ ಅವಕ್ಕ ತಿಳಿಯಂಗಿಲ್ಲ. ಬೇಲಿ ಬೇಕೇ ಬೇಕಂದ್ರ ಮುಳ್ಳಿಲ್ಲದ ತಂತಿ ಹಾಕ್ರಿ, ಕೆಳಗಿನ ಎಳಿ ನೆಲದಿಂದ ಮೊಣಕಾಲ ಎತ್ತರಕ್ಕ ಇರ್ಲಿ, ಭಾಳ ಸಲ ಅವು ಜಿಗಿಯೋ ಬದ್ಲಿ ಕೆಳಗ ನುಸುಳ್ತಾವ. ಹಳ್ಳದ ಕಡಿ ಬೇಲಿನೇ ಬ್ಯಾಡ. ಲೈನಿನಿಂದ ಕರೆಂಟ್ ಎಳದು ಬೇಲಿಗೆ ಬಿಡೋರ ಮಾತು ಕೇಳಬ್ಯಾಡ್ರಿ, ಮನುಷ್ಯಾರೇ ಸಾಯ್ತಾರ ಅದ್ರಾಗ.

ಇನ್ನೊಂದು, ಹುಲ್ಲಿನಾಗ ಮರಿ ಒಂದೇ ಮಲಗಿದ್ದು ಕಂಡ್ರ ತಾಯಿ ಬಿಟ್ಟು ಹೋಗ್ಯಾದ ಅಂತ ಎತ್ಕೊಂಡು ಬರಬ್ಯಾಡ್ರಿ. ಮೊದಲ ಕೆಲವು ದಿನ ತಾಯಿನೇ ಹಂಗ ಬಚ್ಚಿಟ್ಟು ಮೇಯ್ಲಿಕ್ಕೆ ಹೋಗ್ತದ. ನಾನು ಒಮ್ಮೆ ಹತ್ತು ಹೆಜ್ಜಿ ದೂರದಾಗ ನೋಡೀನಿ, ಕುತ್ತಿಗಿ ನೆಲಕ್ಕ ಚಾಚಿ, ಕಿವಿ ಹಿಂದ ಮಾಡಿ, ನೊಣ ಕಣ್ಣಿನ ಮ್ಯಾಲ ಕುಂತ್ರೂ ಅಳ್ಳಾಡಲಿಲ್ಲ. ನಾನೇ ಹಿಂದಕ್ಕ ಸರದೆ. ಚಿಗರಿ 1972ರ ವನ್ಯಜೀವಿ ಕಾಯ್ದೆದ ಮೊದಲ್ನೇ ಶೆಡ್ಯೂಲ್‌ನಾಗ (ಹೆಚ್ಚು ಕಾಪಾಡೋ ಪ್ರಾಣಿಗಳ ಪಟ್ಟಿ) ಅದ, ಮನಿಗೆ ತಂದು ಸಾಕಿದ್ರೂ ಕೇಸೇ.

ಪ್ಲಾಟಿನಾಗ ಮನಿ ಎದ್ವು ಅಂದ್ರ ಕಸ ಬೀಳ್ತದ, ಕಸದ ಹಿಂದ ನಾಯಿ ಬರ್ತಾವ. ಮನಿಗಿಂತ ಆ ನಾಯಿ ಹಿಂಡಿಂದೇ ನನಗ ಭಯ.

ಸೇಡಂ ರೋಡ್:
ನಾನು ಕಲಬುರಗಿಯಿಂದ. ನಮ್ಮ ಕಡಿ ಶ್ರೀನಿವಾಸ ಸರಡಗಿ ಹತ್ರ ವಿಮಾನ ನಿಲ್ದಾಣ 2019ರ ನವೆಂಬರ್‌ದಾಗ ಶುರು ಆತು, ಆ ರೋಡಿಗೆ ಜಮೀನು ರೇಟ್ ಏರಿದ್ದು ನೋಡಿ ನಮ್ಮ ಅಣ್ಣತಮ್ಮರು ಕೂಡಿ ಆರು ಎಕರೆ ಕರಿ ಭೂಮಿ ಕೊಟ್ವಿ. ಸಾಲ ಇತ್ತು, ತಂಗಿ ಮದಿವಿ ಇತ್ತು, ಕೊಟ್ಟಿದ್ದಕ್ಕ ಕಾರಣ ಇತ್ತು. ಆದ್ರ ಈಗ ಯಳ್ಳ ಅಮಾಸಿಗೆ ಭಜ್ಜಿ ರೊಟ್ಟಿ ಕಟಗೊಂಡು ಯಾರ ಹೊಲಕ್ಕ ಹೋಗಬೇಕು, ಭೂತಾಯಿಗೆ ಚರಗ (ಅಡಗಿ ನೈವೇದ್ಯ) ಎಲ್ಲಿ ಚೆಲ್ಲಬೇಕು? ಮುಂಜಾಲಿ ಗೌಜಲಕ್ಕಿ ಕೂಗೋದು ಕೇಳಿ ಎಷ್ಟು ದಿನ ಆತೋ. ಚಿಂಚೋಳಿ ಕಡಿ ಅಡವಿ 2011ರಾಗ ವನ್ಯಜೀವಿಧಾಮ ಆತು, ಅದಕ್ಕೊಂದು ಗಡಿ ಅದ, ಕಾಯೋರು ಅದಾರ. ಹೊಲದಾಗಿನ ಜೀವಕ್ಕ ನಿಮ್ಮಂಥೋರೇ ಇರೋದು. ಕೊಡಬ್ಯಾಡ್ರಿ ಅಕ್ಕಾ.

ಪಹಣಿ ಪತ್ರ:
ಎರಡು ಕೆಲಸ ಮಾಡ್ರಿ. ಬಾಜು ಹೊಲಕ್ಕ ಎನ್‌ಎ (ಬೇಸಾಯ ಬಿಟ್ಟು ಬ್ಯಾರೆ ಕೆಲಸಕ್ಕ ಬಳಸೋ ಪರವಾನಗಿ) ಆಗ್ಯಾದೇನು ವಿಚಾರಸ್ರಿ, ಭೂ ಕಂದಾಯ ಕಾಯ್ದೆ 95ನೇ ಕಲಮಿನ ಪ್ರಕಾರ ಅದಿಲ್ದೆ ಬೇಸಾಯದ ಜಮೀನಿನಾಗ ಪ್ಲಾಟ್ ಹಾಕ್ಲಿಕ್ಕೆ ಬರಂಗಿಲ್ಲ. ಎರಡ್ನೇದು, ಸರ್ವೆ ಆಫೀಸಿನಾಗ ಊರ ನಕಾಶೆ ತಗೀರಿ. ಹಳ್ಳ, ಬಂಡಿದಾರಿ ಬ ಖರಾಬ್ (ಎಲ್ಲರ ಬಳಕಿಗೆ ಬಿಟ್ಟ ಜಾಗ) ಅಂತ ಇದ್ರ ಅದು ಯಾರದೂ ಸ್ವಂತದ್ದಲ್ಲ, ಮೊರಮ್ ಹಾಕಿ ಮುಚ್ಚಿ ಪ್ಲಾಟ್ ಮಾಡಂಗಿಲ್ಲ. ಚಿಗರಿ ಸುತ್ತಿ ಬಂದಿದ್ದು ಆ ಹಳ್ಳದಿಂದೇ ಅಂದ್ರಲ್ಲ, ಅದನ್ನ ಹಿಡೀರಿ. ಒತ್ತುವರಿ ಭಯಕ್ಕ ಹದ್ದುಬಸ್ತು (ಸರ್ವೆದವರಿಂದ ಗಡಿ ಅಳತಿ) ಮಾಡಿಸಿ ನಾಕು ಮೂಲಿಗೆ ಕಲ್ಲು ನೆಡ್ರಿ ಸಾಕು.

ಕೆಂಪುಮಣ್ಣು ಬೀದರ:
ಎಲ್ಲರಿಗೂ ಭಾಳ ಉಪಕಾರ್ರಿ. ಜಾಳಗಿಗೆ ಬಾಂವಿ ಅಳತಿ ತಗೊಂಡು ಬಂದೀನಿ, ಎರಡು ದಿನದಾಗ ಮಾಡಿ ಕೊಡ್ತೀನಿ ಅಂದಾರ ವೆಲ್ಡಿಂಗ್‌ನವರು. ನಕಾಶೆಗೆ ಅರ್ಜಿ ಕೊಟ್ಟೀನಿ. ತಮ್ಮಗ ಮುಳ್ಳ ತಂತಿ ಬ್ಯಾಡಂತ ಒಪ್ಪಿಸೀನಿ, ಹದ್ದುಬಸ್ತಿಗೆ ಅವನೇ ಓಡಾಡ್ತೀನಿ ಅಂದಾನ. ಒಮ್ಮೆ ನಸಿಕಿನಾಗ ನನ್ನ ಜೋಡಿ ಬಾ ಅಂದೀನಿ, ಬರ್ತಾನ.

ಸೇಡಂ ರೋಡ್ ಅಣ್ಣಾರ, ಈ ಯಳ್ಳ ಅಮಾಸಿಗೆ ಮನಿಮಂದಿ ಕರಕೊಂಡು ನಮ್ಮ ಹೊಲಕ್ಕ ಬರ್ರಿ. ಕಡ್ಲಿ ಹೂವಿಗೆ ಬಂದಿರ್ತದ. ಭಜ್ಜಿ ನಾನು ಮಾಡ್ತೀನಿ, ಚರಗ ನೀವು ಚೆಲ್ಲರಿ.