5 ಸೆಂಟ್ಸ್ ಜಾಗ ತೆಗೆಯುವ ಅಂತ ಇದ್ದೇನೆ, ಅನುಭವ ಇದ್ದವರು ಹೇಳಿ

ಮಂಗಳೂರಿನಲ್ಲಿ ಕೆಲಸ, ಕೈಯಲ್ಲಿ 12 ಲಕ್ಷ ಉಂಟು. ಬಜಪೆ ಅಥವಾ ಮೂಡುಬಿದಿರೆ ಕಡೆ 5 ಸೆಂಟ್ಸ್ (ಒಂದು ಸೆಂಟ್ ಅಂದರೆ ಎಕರೆಯ ನೂರರಲ್ಲಿ ಒಂದು ಪಾಲು) ತೆಗೆದು ನಾಲ್ಕೈದು ವರ್ಷ ಬಿಟ್ಟು ಮಾರುವ ಯೋಚನೆ. ಎಂತೆಂತ ನೋಡಬೇಕು? ಮತ್ತೆ, ಗೆಳೆಯನೊಬ್ಬ ಒಟ್ಟಿಗೆ ಬ್ರೋಕರ್ ಕೆಲಸ ಮಾಡುವ ಅಂತಿದ್ದಾನೆ. ಲೈಸೆನ್ಸ್ ಬೇಕಾ, ಪರೀಕ್ಷೆ ಉಂಟಾ?

ಬಂಟ್ವಾಳದಿಂದ:
ರೇಟ್ ಆಮೇಲೆ, ಮೊದಲು ಸರ್ವೆ ನಂಬರ್ ತೆಗೆದುಕೊಂಡು ಆರ್‌ಟಿಸಿ (ಪಹಣಿ) ನೋಡಿ. ನನಗೆ ತೋರಿಸಿದ್ದು 20 ಸೆಂಟ್ಸ್. ಬೇಲಿ, ತೆಂಗು, ಬಾವಿ ಎಲ್ಲ ಒಳಗೇ. ಖುಷಿಯಲ್ಲಿ 50,000 ಅಡ್ವಾನ್ಸ್ ಕೊಟ್ಟೆ. ಸರ್ವೇಯರ್ ಬಂದು ಅಳೆದರೆ ವರ್ಗ ಜಾಗ (ಅವರ ಹೆಸರಿನ ಪಟ್ಟಾ ಜಾಗ) ಇದ್ದದ್ದು 11 ಸೆಂಟ್ಸ್, ಉಳಿದದ್ದು ಕುಮ್ಕಿ. ಬಾವಿಯೂ ಕುಮ್ಕಿಯಲ್ಲೇ! ಕುಮ್ಕಿ ಅಂದರೆ ಹಳೆ ವರ್ಗ ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗ. ಸೊಪ್ಪು, ಕಟ್ಟಿಗೆ ತೆಗೆಯಬಹುದು, ಮಾರುವ ಹಾಗಿಲ್ಲ. ಅಡ್ವಾನ್ಸ್ ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು, ಅದೂ ಎರಡು ಕಂತಿನಲ್ಲಿ. ನೀವು ತೆಗೆಯುವುದು ದೊಡ್ಡ ಸರ್ವೆ ನಂಬರಿನ ತುಂಡಾದರೆ 11ಇ ನಕ್ಷೆ (ಆ ತುಂಡನ್ನು ಬೇರೆಯಾಗಿ ಅಳೆದು ತೋರಿಸುವ ಸರ್ವೆ ನಕ್ಷೆ) ಆಗಿದೆಯಾ ಕೇಳಿ.

ಉಡುಪಿಯಿಂದ:
ಕುಮ್ಕಿ ಇಲ್ಲದಿದ್ದರೂ ಜಾಗ ಮಾರುವವರ ಕೈಗೆ ಹೇಗೆ ಬಂತು ಅಂತ ನೋಡಲೇಬೇಕು. ಡಿಕ್ಲರೇಶನ್‌ನಲ್ಲಿ (ಗೇಣಿದಾರರಿಗೆ ಭೂಸುಧಾರಣೆಯಲ್ಲಿ ಸಿಕ್ಕಿದ್ದು) ಬಂದದ್ದಾ, ದರ್ಖಾಸ್ತಾ (ಅರ್ಜಿ ಹಾಕಿ ಸರಕಾರದಿಂದ ಮಂಜೂರಾದದ್ದು), ಕುಟುಂಬದ ಪಾಲಾ? ದರ್ಖಾಸ್ತು ಜಾಗಕ್ಕೆ ಇಷ್ಟು ವರ್ಷ ಮಾರಬಾರದು ಅಂತ ಷರತ್ತು ಇರುತ್ತದೆ. ಪರಿಶಿಷ್ಟರಿಗೆ ಮಂಜೂರಾದದ್ದಾದರೆ 1978ರ ಕಾಯ್ದೆ ಪ್ರಕಾರ ಸರಕಾರದ ಅನುಮತಿ ಬೇಕು, ಇಲ್ಲದಿದ್ದರೆ ಕ್ರಯಪತ್ರಕ್ಕೆ ಬೆಲೆಯಿಲ್ಲ. ನಮ್ಮ ಕಡೆ ದೊಡ್ಡ ತಲೆನೋವು ಕುಟುಂಬದ ಜಾಗ. ಅಳಿಯಸಂತಾನದ (ಹೆಣ್ಣಿನ ಕಡೆಯಿಂದ ಆಸ್ತಿ ಹಕ್ಕು ಬರುವ ಪದ್ಧತಿ) ಮನೆಯಾದರೆ ಮುಂಬೈಯಲ್ಲಿರುವ ಅಕ್ಕ-ತಂಗಿಯರ, ಅವರ ಮಕ್ಕಳ ಸಹಿಯೂ ಬೇಕಾದೀತು. ಇಸಿಯಲ್ಲಿ (ಋಣಭಾರ ಪತ್ರ) ಇದು ಗೊತ್ತಾಗುವುದಿಲ್ಲ, ಅದರಲ್ಲಿ ಬರುವುದು ರಿಜಿಸ್ಟರ್ ಆದದ್ದು ಮಾತ್ರ. ವಕೀಲರಿಗೆ ಕೊಡುವ ಫೀಸಿಗೆ ಚೌಕಾಸಿ ಮಾಡಬೇಡಿ ಮಾರಾಯ್ರೆ.
ಪಂಚಾಯತ್ ವ್ಯಾಪ್ತಿ ಆದರೆ ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಜಾಗ ಮಾಡಿದ ಆದೇಶ), 9/11 (ಪಂಚಾಯತಿನ ಖಾತೆ ನಮೂನೆಗಳು) ಎರಡೂ ಕೈಯಲ್ಲಿ ಇರಲಿ. "ಮಾಡಿಸಿ ಕೊಡ್ತೇವೆ" ಅಂದರೆ ನಂಬಬೇಡಿ.

ಕಂಕನಾಡಿಯಿಂದ, ನಾನೇ ಬ್ರೋಕರ್:
ಪರೀಕ್ಷೆ ಗಿರೀಕ್ಷೆ ಎಂತದೂ ಇಲ್ಲ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ಅಂತ ನೋಂದಣಿ ಆಗಬೇಕು, ಅದೂ ರೇರಾಕ್ಕೆ ಬರುವ ಪ್ರಾಜೆಕ್ಟಿನ ಸೈಟು, ಫ್ಲ್ಯಾಟ್ ಮಾರಿಸುವುದಾದರೆ. 500 ಚದರ ಮೀಟರ್ (ನಮ್ಮ ಲೆಕ್ಕದಲ್ಲಿ 12 ಸೆಂಟ್ಸ್ ಚಿಲ್ಲರೆ) ದಾಟಿದ ಲೇಔಟ್, ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ಕಟ್ಟಡ ಅದಕ್ಕೆ ಬರುತ್ತವೆ. ಯಾರದೋ ಹಳೆ ಮನೆ, ಒಂಟಿ ಜಾಗಕ್ಕೆ ಬೇಡ. ಒಬ್ಬರ ಹೆಸರಿಗಾದರೆ ಶುಲ್ಕ 25,000, ಗೆಳೆಯನ ಜೊತೆ ಫರ್ಮ್ ಮಾಡಿದರೆ 2 ಲಕ್ಷ! 5 ವರ್ಷಕ್ಕೆ ಇರುತ್ತದೆ. ನೋಂದಣಿ ಇಲ್ಲದೆ ಮಾರಿಸಿ ಸಿಕ್ಕಿಬಿದ್ದರೆ ದಿನಕ್ಕೆ 10,000ದಂತೆ ದಂಡ. ಶುರುವಿಗೆ ಇಬ್ಬರೂ ಬೇರೆ ಬೇರೆ ಮಾಡಿಸಿಕೊಳ್ಳಿ. ಕಮಿಷನ್ ಹಂಚಿಕೊಳ್ಳುವ ಲೆಕ್ಕ ಮಾತ್ರ ಮೊದಲೇ ಬರೆದಿಡಿ, ನನಗೆ ಒಬ್ಬ ಗೆಳೆಯ ಕಡಿಮೆಯಾದ.

ಕಾಪುವಿನಿಂದ:
ಆಟಿ ತಿಂಗಳಲ್ಲಿ (ಜೋರು ಮಳೆಯ ತುಳು ತಿಂಗಳು) ಒಮ್ಮೆ ಹೋಗಿ ನೋಡಿ. ಬೇಸಗೆಯಲ್ಲಿ ಸೈಟ್ ಕಂಡದ್ದು ಮಳೆಗೆ ಗದ್ದೆ ಆಗಿರುತ್ತದೆ. ಮೂಲೆಯಲ್ಲಿ ನಾಗಬನ ಉಂಟಾ, ಅದಕ್ಕೆ ದಾರಿ ಬಿಡಬೇಕಾ ಅಂತ ನೆರೆಮನೆಯವರಲ್ಲಿ ಕೇಳಿ.

ಕೇಳಿದವ ನಾನೇ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಒಂದು ಜಾಗ ನೋಡಲು ಹೋಗುವುದಿತ್ತು. ಈಗ ಫೋನ್ ಮಾಡಿ ಸರ್ವೆ ನಂಬರ್ ಕೇಳಿದೆ. "ಅದೆಲ್ಲ ಮತ್ತೆ, ಮೊದಲು ಜಾಗ ನೋಡಿ ಸರ್" ಅಂದರು.

ಬಂಟ್ವಾಳದಿಂದ:
ನನ್ನ 20 ಸೆಂಟ್ಸ್‌ನವರೂ ಇದನ್ನೇ ಹೇಳಿದ್ದು.